ಕೆನ್ನೆಗೆ ಬಿದ್ದ ಹನಿ

ಗುರುವಾರ ನಮ್ಮ ಕಡೆ ಲಸಿಕೆ ದಿನ. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಹೋಗಿ ನೀಲಿ ಪೆಟ್ಟಿಗೆ ತರುವುದು ನನ್ನ ಕೆಲಸ. ಪೆಟ್ಟಿಗೆಯೊಳಗೆ ನಾಲ್ಕು ಐಸ್ ಪ್ಯಾಕು, ನಡುವೆ ಜಿಪ್ ಕವರಿನಲ್ಲಿ ಔಷಧದ ಬಾಟಲಿ. ಎಣಿಸಿ, ಸಹಿ ಹಾಕಿ, ನನ್ನ ಮೂರು ಗಾಲಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಹತ್ತರೊಳಗೆ ಹಳ್ಳಿಗೆ ಮುಟ್ಟಿಸಬೇಕು. ವಾರಕ್ಕೊಂದು ಹಳ್ಳಿ. ತಿಂಗಳ ಎರಡನೇ ಗುರುವಾರ ನಮ್ಮೂರು ಮಾಳಗಟ್ಟೆಯ ಸರದಿ. ಏಳು ವರ್ಷ ಹೀಗೆ ಹೊತ್ತಿದ್ದೇನೆ. ಮಳೆಯಲ್ಲಿ ಹೊತ್ತಿದ್ದೇನೆ, ಜ್ವರದಲ್ಲಿ ಹೊತ್ತಿದ್ದೇನೆ.

ಸ್ಕೂಟರಿಗೆ ಮೂರು ಗಾಲಿ ಯಾಕೆಂದರೆ ನನಗೆ ಒಂದೇ ಕಾಲು. ಎಡಗಾಲು ಇಲ್ಲವೆನ್ನಲಾರೆ, ಇದೆ. ತೊಡೆ ನನ್ನ ಮುಂಗೈಯಷ್ಟು ದಪ್ಪ. ಪಾದ ಒಳಕ್ಕೆ ತಿರುಗಿದೆ. ಪೋಲಿಯೋ. ಪೋಲಿಯೋ ಕಾಲಿನವನು ಪೋಲಿಯೋ ಹನಿ ಹೊರುತ್ತಾನೆ ಎಂದು ಒಮ್ಮೆ ಪೇಪರಿನವರು ಬಂದು ಫೋಟೋ ಹೊಡೆದುಕೊಂಡು ಹೋದರು. ಎಲ್ಲರಿಗೂ ಸ್ಫೂರ್ತಿ ಎಂದು ಬರೆದರು. ಕಾಲು ಹೇಗೆ ಹೋಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ನಲವತ್ತು ವರ್ಷದ ಹಿಂದಿನ ಮಾತು. ನಾನು ಒಂದು ವರ್ಷದ ಕೂಸು. ಊರಿಗೆ ಆಸ್ಪತ್ರೆಯ ಜೀಪು ಬಂತು. ಬೀರಲಿಂಗೇಶ್ವರ ಗುಡಿಯ ಜಗಲಿಯ ಮೇಲೆ ಕುರ್ಚಿ ಹಾಕಿದರು. ನಾವು ಕೇರಿಯವರು ಆ ಜಗಲಿ ಹತ್ತುವಂತಿಲ್ಲ. ನಮ್ಮವ್ವ ಉಡಚಮ್ಮ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಕೆಳಗೆ ನಿಂತಳು. ಬೆಳಿಗ್ಗೆ ನಿಂತವಳು ಹೊತ್ತು ನೆತ್ತಿ ದಾಟುವ ತನಕ ನಿಂತಳು. ಊರ ಮಕ್ಕಳೆಲ್ಲ ಮುಗಿದ ಮೇಲೆ ಕಾಂಪೌಂಡರು ಜಗಲಿಯ ಅಂಚಿಗೆ ಬಂದ. ಬಾಗಲಿಲ್ಲ. ನಿಂತಲ್ಲಿಂದಲೇ ಬಾಟಲಿ ಓರೆ ಮಾಡಿದ.

ಹೋಟೆಲಿನ ಮುಂದೆ ನಮ್ಮವರು ಬೊಗಸೆ ಒಡ್ಡಿದರೆ ಮೇಲಿಂದ ನೀರು ಹೊಯ್ಯುತ್ತಿದ್ದರಲ್ಲ, ಹಾಗೆ. ಬೊಗಸೆಗೆ ಆ ಗುರಿ ಸಾಕು. ಕೂಸಿನ ಬಾಯಿ ಬೊಗಸೆಯಲ್ಲ. ಹನಿ ಬರುವ ಹೊತ್ತಿಗೆ ನಾನು ಮುಖ ತಿರುಗಿಸಿದೆನಂತೆ. ಎರಡೂ ಹನಿ ಕೆನ್ನೆಗೆ ಬಿದ್ದವು. “ಬಿತ್ತಲ್ಲ, ಹೋಗು” ಎಂದ ಆತ.

ಅವ್ವ ಆ ಹನಿಗಳನ್ನು ಬೆರಳಿನಿಂದ ತೆಗೆದು ನನ್ನ ನೆತ್ತಿಗೆ ಸವರಿದಳು. ಉಳಿದ ಪಸೆಯನ್ನು ತನ್ನ ಕಣ್ಣಿಗೊತ್ತಿಕೊಂಡಳು. ಗುಡಿಯ ತೀರ್ಥವನ್ನು ಪೂಜಾರಿ ನಮ್ಮವರ ಅಂಗೈಗೆ ಒಮ್ಮೆಯೂ ಹಾಕಿದವನಲ್ಲ. ದೂರದಿಂದ ಮೈಮೇಲೆ ಚಿಮುಕಿಸುತ್ತಿದ್ದ. ನಮ್ಮವರು ಅದನ್ನೇ ತಲೆಗೆ ಸವರಿಕೊಂಡು ಬರುತ್ತಿದ್ದರು. ಮೇಲಿಂದ ಬಂದದ್ದು ಮೈಗೆ ಬಿದ್ದರೆ ಸಾಕು ಎಂದೇ ಅವ್ವನಿಗೆ ಗೊತ್ತಿದ್ದದ್ದು. ಅದು ಬಾಯೊಳಗೆ ಹೋಗಬೇಕು ಎಂದು ಆತ ಹೇಳಲಿಲ್ಲ. ಹೇಳಬೇಕಾದರೆ ನಿಂತು ಮಾತಾಡಿಸಬೇಕಿತ್ತಲ್ಲ.

ಎರಡನೇ ಸಲ ಜೀಪು ಬಂದಾಗ ನಮ್ಮ ಸರದಿಗೆ ಮುಂಚೆ ಬಾಟಲಿ ಮುಗಿಯಿತು. ಮೂರನೇ ಸಲ ಬರುವುದರೊಳಗೆ ನನಗೆ ಜ್ವರ ಬಂದಿತ್ತು. ಮೂರು ದಿನದ ಜ್ವರ. ಇಳಿದ ಮೇಲೆ ಅವ್ವ ನನ್ನನ್ನು ನೆಲಕ್ಕೆ ನಿಲ್ಲಿಸಿದಳು, ನಾನು ಬಿದ್ದೆ. ಮತ್ತೆ ನಿಲ್ಲಿಸಿದಳು, ಮತ್ತೆ ಬಿದ್ದೆ. ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದಳಂತೆ, ಹನಿ ಹಾಕಿಸಿರಲಿಲ್ಲವಾ ಎಂದು. ಅವ್ವ ಎಲ್ಲ ಹೇಳಿದಳು. ನೆತ್ತಿಗೆ ಹಚ್ಚಿದ್ದನ್ನೂ ಹೇಳಿದಳು. ಆ ನರ್ಸಮ್ಮ ನಕ್ಕುಬಿಟ್ಟಳು. ಅವತ್ತಿನಿಂದ ಅವ್ವನಿಗೆ ತಾನೇ ನನ್ನ ಕಾಲು ಕಳೆದೆ ಎಂಬ ನಂಬಿಕೆ. “ನಾನೇ ನೆತ್ತಿಗೆ ಹಚ್ಬಿಟ್ನಲ್ಲೋ ತಿಪ್ಪೇಶಿ” ಎಂದು ಈಗಲೂ ಅನ್ನುತ್ತಾಳೆ. ಆ ಕಾಂಪೌಂಡರು ಪೆನ್ಷನ್ ತಿಂದುಕೊಂಡು ನೆಮ್ಮದಿಯಾಗಿ ಸತ್ತ. ಪಾಪ ಅವ್ವನ ತಲೆಗೆ ಉಳಿಯಿತು.

ಕಾಲು ಒಂದೇ ಸಲ ಹೋಗುತ್ತದೆ ಎಂದು ಜನ ತಿಳಿದಿದ್ದಾರೆ. ಇಲ್ಲ. ದಿನಾ ಹೋಗುತ್ತದೆ. ಶಾಲೆಗೆ ಕೈಯೂರಿ ತೆವಳಿಕೊಂಡು ಹೋದೆ, ಅಂಗೈ ಹಿಮ್ಮಡಿಯಾಯಿತು. ಮೇಷ್ಟ್ರು ಬಾಗಿಲ ಬಳಿ ಕೂರಿಸಿದರು. ಬೇಗ ಹೊರಗೆ ಹೋಗಲು ಅನುಕೂಲ ಎಂದರು. ಕ್ಯಾಂಪಿನಲ್ಲಿ ಕಬ್ಬಿಣದ ಪಟ್ಟಿ ಕೊಟ್ಟರು, ಅದು ಮಂಡಿ ಕೊರೆದು ಕೀವಾಯಿತು. ಸೊಂಟ ಒಂದು ಕಡೆ ವಾಲಿತು, ಬೆನ್ನು ಅದರ ಹಿಂದೆ ವಾಲಿತು. ಎರಡು ಕಡೆ ಹೆಣ್ಣು ನೋಡಿದರು, ಎರಡು ಕಡೆಯೂ ನನ್ನನ್ನು ನಡೆಸಿ ನೋಡಿದರು. ಅಲ್ಲಿಗೆ ಮುಗಿಯಿತು. ಈಗ ನಲವತ್ತೊಂದು. ಗಟ್ಟಿಯಿದ್ದ ಬಲಗಾಲೂ ರಾತ್ರಿ ನಡುಗುತ್ತದೆ. ಎರಡು ಕಾಲಿನ ಕೆಲಸ ಒಂದೇ ಮಾಡಿ ಸವೆದಿದೆ, ಇನ್ನೇನು ಮಾಡಲಿಕ್ಕೂ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಎರಡು ಹನಿಯ ಬೆಲೆ ಇದು.

ಈಗ ಗುಡಿಯ ಜಗಲಿ ಇಲ್ಲ. ಗುಡಿಯ ಪಕ್ಕ ಸಮುದಾಯ ಭವನ ಎದ್ದಿದೆ. ಗ್ರಾನೈಟಿನ ಮೂರು ಮೆಟ್ಟಿಲು. ಅಂಗನವಾಡಿ ಸೋರುತ್ತದೆಂದು ಲಸಿಕೆ ಅಲ್ಲೇ. ಸರ್ಕಾರದ ದುಡ್ಡಲ್ಲಿ ಕಟ್ಟಿದ ಭವನ, ಬೀಗದ ಕೈ ಮಾತ್ರ ಗುಡಿ ಕಮಿಟಿಯ ಜಯಪ್ಪನ ಸೊಂಟದಲ್ಲಿ. ನಮ್ಮವರು ಮೆಟ್ಟಿಲ ಕೆಳಗೆ ಬೇವಿನ ಮರದಡಿ ನಿಲ್ಲುತ್ತಾರೆ. ನಾನು ಪೆಟ್ಟಿಗೆಯನ್ನು ಮೇಲಿನ ಮೆಟ್ಟಿಲಿಗೆ ಸರಿಸುತ್ತೇನೆ, ಒಳಗಿನಿಂದ ಆಯಾ ಬಂದು ಎತ್ತಿಕೊಳ್ಳುತ್ತಾಳೆ. ಬರಬೇಡಿ ಎಂದು ಯಾರೂ ಹೇಳುವುದಿಲ್ಲ. “ನಿಮ್ದು ಕೊನೆಗೆ” ಎನ್ನುತ್ತಾರೆ, ಅಷ್ಟೆ.

ಕೊನೆಗೆ ಯಾಕೆ ಎಂಬುದು ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಚಮಚದ ಕಾರಣಕ್ಕೆ. ಒಂಬತ್ತು ತಿಂಗಳ ಮಗುವಿಗೆ ದಡಾರದ ಇಂಜೆಕ್ಷನ್ ಹಾಕಿ, ಕಣ್ಣಿಗೆ ಒಳ್ಳೆಯದೆಂದು ಒಂದು ಹಳದಿ ಸಿರಪ್ಪು ಕುಡಿಸುತ್ತಾರೆ. ಸೂಜಿ ಒಬ್ಬರಿಗೆ ಒಂದು, ಚಮಚ ಎಲ್ಲರಿಗೂ ಒಂದೇ. ಒಂದು ಮಗುವಿನ ಬಾಯಿಂದ ತೆಗೆದು ಬಿಸಿನೀರ ಲೋಟದಲ್ಲಿ ಅದ್ದಿ ಇನ್ನೊಂದು ಮಗುವಿಗೆ. ಆದರೆ ನಮ್ಮ ಮಕ್ಕಳ ಬಾಯಿಗೆ ಹೋದ ಚಮಚ ಎಷ್ಟು ಅದ್ದಿದರೂ ಊರ ಮಕ್ಕಳ ಬಾಯಿಗೆ ಹೋಗುವಂತಿಲ್ಲ. ಅದಕ್ಕೇ ನಮ್ಮದು ಕೊನೆ.

ಕೊನೆಯಾದರೆ ಏನಂತೆ, ಸಿಕ್ಕರೆ ಸರಿ ಎನ್ನಬಹುದು. ಸಿಗುವುದಿಲ್ಲ. ದಡಾರದ ಔಷಧ ಪುಡಿ ರೂಪದಲ್ಲಿ ಬರುತ್ತದೆ. ನೀರು ಬೆರೆಸಿದ ಮೇಲೆ ಒಂದು ಬಾಟಲಿ ಐದು ಮಕ್ಕಳಿಗೆ. ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಊರ ಮಕ್ಕಳಿಗೆ ಮೊದಲ ಬಾಟಲಿ ತೀರುತ್ತದೆ. ಕೇರಿಯ ಒಂದು ಮಗುವಿಗೆ ಇನ್ನೊಂದು ಬಾಟಲಿ ಒಡೆಯುವುದು ಲಸಿಕೆ ಹಾಕುವ ಕಲ್ಪನಾ ಸಿಸ್ಟರಿಗೆ ಬೇಡ. ಒಂದೇ ಮಗು ಬಂದರೂ ಒಡೆಯಿರಿ ಎಂದು ರೂಲ್ಸೇ ಇದೆ. ಟ್ರೇನಿಂಗಿನಲ್ಲಿ ಡಾಕ್ಟರು ಹೇಳುವಾಗ ನಾನೂ ಹಿಂದೆ ಕೂತು ಕೇಳಿದ್ದೇನೆ. ಆದರೆ ಮೀಟಿಂಗಿನಲ್ಲಿ, ನಾಲ್ಕು ಡೋಸು ಯಾಕೆ ಚೆಲ್ಲಿದೆ ಎಂದು ಎಬ್ಬಿಸಿ ನಿಲ್ಲಿಸಿ ಕೇಳುತ್ತಾರಂತೆ.

ನನ್ನ ತಮ್ಮ ಪರಮೇಶನ ಮಗಳು ರಕ್ಷಾ. ಅವಳಿಗೆ ಒಂಬತ್ತು ತಿಂಗಳು ತುಂಬಿದಾಗ ಅವಳ ತಾಯಿ ಅಂಬಿಕಾ ಭತ್ತದ ನಾಟಿ ಬಿಟ್ಟು ಬೇವಿನ ಮರದಡಿ ನಿಂತಳು. ಕಾಲಿನ ಕೆಸರು ಒಣಗಿ ಉದುರುವವರೆಗೆ ನಿಂತಳು. “ಬಾಟ್ಲಿ ಮುಗೀತು, ಮುಂದಿನ ತಿಂಗ್ಳು ಬಾರಮ್ಮ” ಎಂದರು. ಮುಂದಿನ ತಿಂಗಳೂ ನಿಂತಳು. ಮುಗಿಯಿತು. ಮೂರನೇ ತಿಂಗಳೂ ಅದೇ. ಪೆಟ್ಟಿಗೆಯಲ್ಲಿ ಒಡೆಯದ ಬಾಟಲಿ ಎರಡಿದ್ದವು. ಎಣಿಸಿ ತಂದವನು ನಾನು, ಎಣಿಸಿ ವಾಪಸು ಒಯ್ದವನೂ ನಾನು. ಅಂಬಿಕಾ ಮಗು ಎತ್ತಿಕೊಂಡು ಗದ್ದೆಯ ಕಡೆ ಓಡುವುದನ್ನು ನೋಡಿದೆ. ಸುಮ್ಮನಿದ್ದೆ. ಕೆಲಸ ಹೋದರೆ ಇನ್ನೊಂದು ಸಿಗದು ಎಂದು ಸುಮ್ಮನಿದ್ದೆ. ಬೇರೆಯವರನ್ನು ಬಯ್ಯುವ ಮುಂಚೆ ಇದನ್ನು ಬರೆದುಬಿಡಬೇಕು.

ಆಮೇಲೆ ಪಕ್ಕದೂರಿನ ಕೇರಿಯಲ್ಲಿ ದಡಾರ ಎದ್ದಿತು. ಹನ್ನೊಂದು ಮಕ್ಕಳಿಗೆ ಬಂತು. ಒಂದು ಹುಡುಗಿಯ ಕಣ್ಣು ಬಿಳಿಯಾಗಿ ಹೋಯಿತು. ಆ ಸುದ್ದಿ ಬಂದ ಸಂಜೆ ಅಂಬಿಕಾ ಮಗುವಿನ ಲಸಿಕೆ ಬರೆಯುವ ತಾಯಿ ಕಾರ್ಡು ಹಿಡಿದುಕೊಂಡು ನನ್ನ ಮುಂದೆ ನಿಂತಳು. ಅವಳು ಎಸ್ಸೆಸ್ಸೆಲ್ಸಿ ಓದಿದವಳು.

“ಭಾವ, ಈ ತಿಂಗ್ಳ ಲಸಿಕೆ ಪಟ್ಟೀಲಿ ರಕ್ಷಾನ ಹೆಸ್ರಿಲ್ವಂತೆ. ಆಶಾ ಅಕ್ಕ ಹೇಳಿದ್ಲು. ಹಾಕಿ ಆಗೈತಂತೆ.”

“ಯಾವಾಗ ಹಾಕಿದ್ರು?”

“ಹೋದ ತಿಂಗ್ಳು ಬರೀತೀನಿ ಅಂತ ಸಿಸ್ಟರ್ ಕಾರ್ಡ್ ಇಸ್ಕಂಡ್ರು. ತೂಕ ಬರೀತಾರೇನೋ ಅಂದ್ಕಂಡೆ. ನೋಡ್ರಿ ಇಲ್ಲಿ.”

ನೋಡಿದೆ. ದಡಾರದ ಸಾಲಿನಲ್ಲಿ ತಾರೀಖು, ಪಕ್ಕದಲ್ಲಿ ಸಹಿ. ಮಗುವಿನ ಬಲತೋಳು ತಿರುಗಿಸಿ ನೋಡಿದೆ. ಏನು ಕಾಣುತ್ತದೆ ಅಲ್ಲಿ, ಹುಚ್ಚು ನನಗೆ. ಅವ್ವ ಮೂಲೆಯಲ್ಲಿ ಕೂತು ಕೇಳಿಸಿಕೊಂಡಳು. ಚುಚ್ಚಿಲ್ಲವಾ ಎಂದು ಒಂದೇ ಮಾತು ಕೇಳಿದಳು. ಇಲ್ಲ ಅತ್ತೆ ಎಂದಳು ಅಂಬಿಕಾ.

ಮರುದಿನ ಕಲ್ಪನಾ ಸಿಸ್ಟರನ್ನು ಕೇಳಿದೆ. ಆಕೆ ಜಗಳೂರಿನ ಕಡೆಯ ಹೆಣ್ಣು. ನಾಲ್ಕು ಹಳ್ಳಿ ಒಬ್ಬಳೇ ಸುತ್ತುತ್ತಾಳೆ, ಎಷ್ಟೋ ದಿನ ಮಧ್ಯಾಹ್ನದ ಊಟವನ್ನೇ ಬಿಡುತ್ತಾಳೆ. ಕೆಟ್ಟವಳಾಗಿದ್ದರೆ ಬಯ್ಯುವುದು ಸುಲಭವಿತ್ತು.

“ನೂರಕ್ಕೆ ನೂರು ತೋರಿಸ್ಬೇಕು ತಿಪ್ಪೇಶಪ್ಪ. ದಿನಾ ಮ್ಯಾಲಿನೋರ ಫೋನು. ಮುಂದಿನ ತಿಂಗ್ಳು ಹಾಕಿದ್ರಾತು ಅಂತ ಬರೆದೆ.”

“ಹಾಕ್ರಿ ಹಂಗಾರೆ.”

“ಈಗ ಫೋನಿನ ಲಸಿಕೆ ಆ್ಯಪಿನಾಗೆ ಆಕೆ ಹೆಸ್ರು ತೆಗೀವಲ್ದು. ಹಾಕಿ ಆಗೈತಿ ಅಂತ ತೋರಿಸ್ತೈತಿ. ಹಾಕಿದ್ರೆ ಬಾಟ್ಲಿ ಲೆಕ್ಕ ತಪ್ತೈತಿ.”

“ಮಗೀಗೆ ದಡಾರ ಬಂದ್ರೆ ಫೋನು ತೋರಿಸ್ಲೇನ್ರಿ?”

ಆಕೆ ಕಣ್ಣು ಒರೆಸಿಕೊಂಡಳು. ಆ ಕಣ್ಣೀರಿನಿಂದ ನನಗೆ ಇನ್ನಷ್ಟು ಸಿಟ್ಟು ಬಂತು. ಅಳುವ ಹಕ್ಕು ಇವಳಿಗೆ ಎಲ್ಲಿಂದ ಬಂತು ಎನ್ನಿಸಿತು. ಆಸ್ಪತ್ರೆಯ ಡಾಕ್ಟರ ಮುಂದೆ ಹೋದೆ. ಅವರೂ ಫೋನು ನೋಡಿದರು. ಹಾಕಿದೆಯಲ್ಲಪ್ಪ, ಸುಮ್ಮನೆ ಯಾಕೆ ಗಾಬರಿ ಎಂದರು.

ಎರಡನೇ ಗುರುವಾರ ಬಂತು. ಪೆಟ್ಟಿಗೆ ತೆಗೆದುಕೊಂಡೆ. ಔಷಧ ಹೆಪ್ಪುಗಟ್ಟದಂತೆ ಒಳಗೆ ತುಸು ನೀರು ಗುಳುಗುಟ್ಟುತ್ತಿದೆಯೇ ಎಂದು ಐಸ್ ಪ್ಯಾಕು ಒಂದೊಂದಾಗಿ ಅಲ್ಲಾಡಿಸಿ ಕಿವಿಗಿಟ್ಟು ನೋಡಿದೆ. ದಡಾರದ ಬಾಟಲಿ ಮೂರು ಎಂದು ಎಣಿಸಿ ಸಹಿ ಹಾಕಿದೆ. ಊರು ಮುಟ್ಟಿದಾಗ ಒಂಬತ್ತು ಮುಕ್ಕಾಲು. ಭವನದ ಮುಂದೆ ಸ್ಕೂಟರ್ ನಿಲ್ಲಿಸಲಿಲ್ಲ. ಮೆಟ್ಟಿಲ ಮೇಲಿದ್ದ ಆಯಾ ಕೈ ಚಾಚಿಕೊಂಡೇ ಉಳಿದಳು. ಗುಡಿ ದಾಟಿ, ಚರಂಡಿ ದಾಟಿ, ನೇರ ಕೇರಿಗೆ ಹೋದೆ. ಅಂಬೇಡ್ಕರ್ ಭವನದ ಜಗಲಿಯ ಮೇಲೆ ಪೆಟ್ಟಿಗೆ ಇಳಿಸಿದೆ. ಅದರ ಪಕ್ಕ ನಾನು ಕೂತೆ, ಪೆಟ್ಟಿಗೆಯ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು.

ಮೊದಲು ಫೋನು ಬಂತು. ಇಲ್ಲಿಗೇ ಬರ್ರಿ ಸಿಸ್ಟರ್ ಎಂದು ಹೇಳಿ ಇಟ್ಟೆ. ಆಮೇಲೆ ಕಲ್ಪನಾ ಬಂದಳು. ಅವಳ ಹಿಂದೆ ಜಯಪ್ಪ, ಅವನ ಹಿಂದೆ ಆರೇಳು ಜನ ಗಂಡಸರು. ಅವರು ಕೇರಿಯ ಬಾಯಲ್ಲೇ ನಿಂತರು. ಓಟಿನ ಕಾಲ ಬಿಟ್ಟರೆ ಅವರು ಒಳಗೆ ಬಂದದ್ದು ನನಗೆ ನೆನಪಿಲ್ಲ. ಜಯಪ್ಪ ಅಲ್ಲಿಂದಲೇ ಕೂಗಿದ.

“ಲೇ ಕುಂಟ, ಪೆಟ್ಟಿಗೆ ಏನು ನಿಮ್ಮಪ್ಪಂದೇನ್ಲೇ?”

“ನಿಮ್ಮಪ್ಪಂದೂ ಅಲ್ರೀ ಜಯಪ್ನೋರೆ. ಸರ್ಕಾರದ್ದು. ಸಹಿ ನಂದೈತೆ.”

“ಮೇಲೆ ಮಕ್ಳು ಕಾಯ್ತಾ ಕುಂತಾವೆ. ಐಸು ಕರಗಿದ್ರೆ ಯಾರು ಜವಾಬ್ದಾರಿ?”

“ಸಂಜೀತನ ಕರಗಾಕಿಲ್ಲ. ನಿಮ್ ಮಕ್ಳ ಔಷಧ ಕೆಡ್ಸಾಕೆ ಬಂದಿಲ್ಲ ನಾನು. ಕರ್ಕಂಡ್ ಬರ್ರಿ, ಎಲ್ಲರಿಗೂ ಐತೆ. ಇವತ್ತು ನಿಮ್ದು ಕೊನೆಗೆ.”

ಈ ಮಾತು ಹೇಳುವಾಗ ನನ್ನ ಬಲಗಾಲು ನಡುಗುತ್ತಿತ್ತು. ಕೂತಿದ್ದರಿಂದ ಯಾರಿಗೂ ಕಾಣಲಿಲ್ಲ. ಅವನ ಜೊತೆಗಿದ್ದ ಒಬ್ಬ ಕಿತ್ತುಕೊಳ್ಳೋಣ ಎಂದ. ಅಷ್ಟರಲ್ಲಿ ಗದ್ದೆಗೆ ಹೊರಟಿದ್ದ ನಮ್ಮ ಹೆಂಗಸರು ತಿರುಗಿ ಬಂದಿದ್ದರು. ಹದಿನೈದು ಇಪ್ಪತ್ತು ಜನ, ಕೈಯಲ್ಲಿ ಬುತ್ತಿ. ಜಗಲಿಯ ಸುತ್ತ ಕೂತರು. ಗಿಡ್ಡಮ್ಮ ಎಲೆಅಡಿಕೆ ಚೀಲ ಬಿಚ್ಚಿದಳು. ಕಿತ್ತುಕೊಳ್ಳೋಣ ಎಂದವನು ಜಯಪ್ಪನ ಮುಖ ನೋಡಿದ. ಜಯಪ್ಪ ಉಗುಳಿ ಹೋದ.

ಕಲ್ಪನಾ ಜಗಲಿ ಹತ್ತಿದಳು. ಬಾಟಲಿ ಒಡೆದಳು. ರಕ್ಷಾನ ತೋಳಿಗೆ ಚುಚ್ಚಿದಳು. ಮಗು ಕಿರುಚಿತು. ನನ್ನ ಜೀವಮಾನದಲ್ಲಿ ಯಾವ ಮಗುವಿನ ಅಳುವೂ ನನಗೆ ಅಷ್ಟು ಹಿತವಾಗಿ ಕೇಳಿಸಿರಲಿಲ್ಲ.

ಆಮೇಲೆ ಸಿರಪ್ಪು. ಆಕೆ ಚಮಚಕ್ಕೆ ಹೊಯ್ದಳು. ಮಗುವಿನ ಬಾಯಿಗಿಂತ ಒಂದು ಗೇಣು ಮೇಲೆ ಹಿಡಿದಳು. ಓರೆ ಮಾಡಿದಳು. ಬೇಕೆಂದು ಮಾಡಲಿಲ್ಲ, ಕೇರಿಯ ಮಕ್ಕಳೆಂದರೆ ಕೈಗೆ ಅದೇ ರೂಢಿ. ಮಗು ಅಳುತ್ತಾ ಮುಖ ತಿರುಗಿಸಿತು. ಹಳದಿ ಹನಿ ಕೆನ್ನೆಗೆ ಬಿತ್ತು.

ಅವ್ವ ಎಲ್ಲಿ ಕೂತಿದ್ದಳೋ. ಎಪ್ಪತ್ತು ದಾಟಿದ ಮುದುಕಿ, ಎದ್ದದ್ದೇ ಗೊತ್ತಾಗಲಿಲ್ಲ. ಸಿಸ್ಟರಿನ ಮಣಿಕಟ್ಟು ಹಿಡಿದಳು. ಕೆನ್ನೆಯ ಹನಿಯನ್ನು ಮುಟ್ಟಲಿಲ್ಲ.

“ಗಲ್ಲ ಹಿಡ್ದು ಹಾಕವ್ವ.”

“ಕೈ ಬಿಡ್ರಿ ಅಜ್ಜಿ.”

“ಬಿಡಾಕಿಲ್ಲ. ಬಾಯಿ ಮುಟ್ಟಿ ಹಾಕು. ಮೇಲಿಂದ ಹುಯ್ದಿದ್ದು ಕೆನ್ನಿಗೆ ಬೀಳ್ತೈತೆ. ಹಿಂದೆ ಒಂದ್ಸಲ ಬಿದ್ದಿತ್ತು. ಅದಾ ನೋಡು ಅಲ್ಲಿ ಕುಂತೈತೆ.”

ಕೇರಿಯವರೆಲ್ಲ ನನ್ನ ಕಾಲು ನೋಡಿದರು. ನಲವತ್ತು ವರ್ಷ ಪಂಚೆಯಡಿ ಮುಚ್ಚಿಕೊಂಡಿದ್ದೆ. ಅವತ್ತು ಮುಚ್ಚಿಕೊಳ್ಳಲಿಲ್ಲ.

ಕಲ್ಪನಾ ಮತ್ತೆ ಚಮಚ ತುಂಬಿದಳು. ಎಡಗೈಯಲ್ಲಿ ರಕ್ಷಾನ ಗಲ್ಲ ಹಿಡಿದಳು. ಚಮಚ ತುಟಿಗೆ ತಾಗಿತು, ನಾಲಗೆಗೆ ತಾಗಿತು. ಮಗು ಚಪ್ಪರಿಸಿತು. ಅವ್ವ ಮಣಿಕಟ್ಟು ಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಜಯಪ್ಪನ ಸೊಸೆ ಪವಿತ್ರ ಮಗು ಎತ್ತಿಕೊಂಡು ಕೇರಿಗೆ ಬಂದಳು. ದಡಾರದ ಭಯ ಅವಳಿಗೂ ಇತ್ತು. ಸೆರಗು ತಲೆ ಮೇಲೆ ಹೊದ್ದು ನಮ್ಮ ಹೆಂಗಸರ ಹಿಂದೆ ನಿಂತಳು. ಗಿಡ್ಡಮ್ಮ ಸರಿದು ನೆರಳು ಕೊಟ್ಟಳು. ನನ್ನ ಮನಸ್ಸಿನಲ್ಲಿ ಏನೋ ಕರಗಿದ ಹಾಗಾಯಿತು, ಸುಳ್ಳು ಹೇಳಲಾರೆ. ಅವಳ ಸರದಿ ಬಂತು. ಮಗುವಿಗೆ ಇಂಜೆಕ್ಷನ್ ಆಯಿತು. ಕಲ್ಪನಾ ಚಮಚವನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಸಿರಪ್ಪು ಹೊಯ್ದಳು. ಪವಿತ್ರ ಮಗುವಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

“ಇದು ಬ್ಯಾಡ್ರಿ ಸಿಸ್ಟರ್. ಮನೇಲಿ ಐತೆ.”

ಮನೆಯಲ್ಲಿ ಇರಲಿಲ್ಲ. ಅದು ಅಂಗಡಿಯಲ್ಲಿ ಸಿಗುವ ಸಿರಪ್ಪಲ್ಲ ಎಂದು ನನಗೂ ಗೊತ್ತು, ಕಲ್ಪನಾಗೂ ಗೊತ್ತು. ತನ್ನ ಮಗುವಿನ ಕಣ್ಣಿಗಿಂತ ನಮ್ಮ ಎಂಜಲಿನ ಭಯ ದೊಡ್ಡದಾಯಿತು. ಅವಳು ಹೋದಳು. ಅವಳ ಹಿಂದೆ ಬಂದ ಊರ ಮೂವರು ತಾಯಂದಿರೂ ಸೂಜಿ ಒಪ್ಪಿದರು, ಚಮಚ ಒಪ್ಪಲಿಲ್ಲ.

ಅಂಬಿಕಾ ಕಾರ್ಡು ಚಾಚಿ, ಇವತ್ತಿನ ತಾರೀಖು ಬರೆಯಿರಿ ಎಂದಳು. ಕಲ್ಪನಾ ಪೆನ್ನು ಮುಚ್ಚಳ ತೆಗೆದಳು, ಹಾಕಿದಳು. ಬರೆಯಲಿಲ್ಲ. ರಕ್ಷಾನ ಕಾರ್ಡಿನಲ್ಲಿ ಇವತ್ತಿಗೂ ಸುಳ್ಳು ತಾರೀಖೇ ಇದೆ.

ಮುಂದಿನ ತಿಂಗಳು ಪೆಟ್ಟಿಗೆ ತಂದವನು ನಾನಲ್ಲ. ಜಯಪ್ಪನ ಅಕ್ಕನ ಮಗ ಮುತ್ತುರಾಜ್ ಬೈಕಿನಲ್ಲಿ ತಂದ. ಅಂಗವಿಕಲರಿಗೆ ಇಷ್ಟು ಶ್ರಮದ ಕೆಲಸ ಬೇಡ ಎಂದು ನನ್ನನ್ನು ಬಿಡಿಸಿದ್ದರು. ಏಳು ವರ್ಷ ಕಾಣದ ನನ್ನ ಕಾಲು ಅವತ್ತು ಅವರಿಗೆ ಕಂಡಿತು. ಆ ನಡುವೆ ಮೇಲಿನವರು ಒಬ್ಬರು ಜೀಪಿನಲ್ಲಿ ಬಂದು ವಿಚಾರಣೆಯನ್ನೂ ಮಾಡಿದರು. ಕೇರಿಯ ಮಕ್ಕಳನ್ನು ಕಾಯಿಸಬಾರದು, ಬಾಟಲಿ ಇಲ್ಲ ಎನ್ನಬಾರದು, ಸಮುದಾಯ ಭವನದೊಳಗೇ ಕರೆದು ಕೂರಿಸಬೇಕು ಎಂದರು. ಸಮಸ್ಯೆ ಬಗೆಹರಿದಿದೆ ಎಂದು ಬರೆದುಕೊಂಡು ಹೋದರು.

ಮುತ್ತುರಾಜ್ ಪೆಟ್ಟಿಗೆ ತಂದ ಆ ಗುರುವಾರ ಗಿಡ್ಡಮ್ಮನ ಮೊಮ್ಮಗಳಿಗೆ ಒಂಬತ್ತು ತಿಂಗಳ ಲಸಿಕೆ. ಅವ್ವ ತಾನೂ ಬರುತ್ತೇನೆ ಎಂದಳು. ನನ್ನ ಹೆಗಲು ಹಿಡಿದುಕೊಂಡು ಗ್ರಾನೈಟಿನ ಮೂರು ಮೆಟ್ಟಿಲು ಹತ್ತಿದಳು. ನಾನು ಅವಳನ್ನು ಹಿಡಿದಿದ್ದೆನೋ ಅವಳು ನನ್ನನ್ನು ಹಿಡಿದಿದ್ದಳೋ ತಿಳಿಯಲಿಲ್ಲ. ಒಳಗೆ ಊರ ಹೆಂಗಸರು ಬೆಂಚಿನ ಮೇಲಿದ್ದರು, ಹೋದ ತಿಂಗಳು ಬಿಟ್ಟ ಸಿರಪ್ಪಿಗೆಂದು ಪವಿತ್ರಳೂ ಇದ್ದಳು. ನಮ್ಮನ್ನು ಯಾರೂ ತಡೆಯಲಿಲ್ಲ. ಮೇಜಿನ ಮೇಲೆ ಬಿಸಿನೀರಿನ ಲೋಟ ಎರಡಿದ್ದವು. ಎರಡರಲ್ಲೂ ಒಂದೊಂದು ಚಮಚ. ಒಂದರ ಹಿಡಿಗೆ ಕೆಂಪು ದಾರ ಸುತ್ತಿ ಗಂಟು ಹಾಕಿತ್ತು.

ಕಲ್ಪನಾ ಇಂಜೆಕ್ಷನ್ ಹಾಕಿದಳು. ದಾರದ ಚಮಚಕ್ಕೆ ಕೈ ಹಾಕಿದಳು. ಅವಳಿಗಿಂತ ಮೊದಲು ಅವ್ವ ಅದನ್ನು ಎತ್ತಿಕೊಂಡಳು.

ಅವ್ವನಿಗೆ ಮುಂದೆ ಉಳಿದಿರುವುದು ನಾಲ್ಕೇ ಹಲ್ಲು. ದಾರವನ್ನು ಆ ಹಲ್ಲಿನಿಂದಲೇ ಕಡಿದಳು. ತುಂಡನ್ನು ಕಾಲಡಿ ಉಗುಳಿದಳು. ಇನ್ನೊಂದು ಲೋಟದ ಚಮಚವನ್ನೂ ತೆಗೆದಳು. ಎರಡನ್ನೂ ಒಂದೇ ಲೋಟಕ್ಕೆ ಹಾಕಿ, ಅಂಗೈ ಮುಚ್ಚಿ ಗಲಗಲ ಅಲ್ಲಾಡಿಸಿ, ಸಿಸ್ಟರಿನ ಮುಂದೆ ಇಟ್ಟಳು.

“ಈಗ ಯಾವ್ದು ನಮ್ದು, ಯಾವ್ದು ಅವ್ರುದು, ತೆಗ್ದು ತೋರ್ಸು ತಾಯಿ.”

ಕಲ್ಪನಾ ಲೋಟ ನೋಡುತ್ತಾ ಕೂತಳು. ಬೆಂಚಿನ ಮೇಲೆ ಪವಿತ್ರ ತನ್ನ ಮಗುವಿನ ಬಾಯಿ ಮುಚ್ಚಿಕೊಂಡಳು. ಅವ್ವ ಗಿಡ್ಡಮ್ಮನ ಮೊಮ್ಮಗಳ ಗಲ್ಲ ಹಿಡಿದು ಬಾಯಿ ತೆರೆಸಿದಳು.